ಸಪ್ಪೆ

"ಒಂದು ಸಲ ಸಾರಿ ಅಂತ ಹೇಳಿಬಿಡು ಮಾರಾಯ್ತಿ. ಎಂತ ಹೋಗ್ತದೆ ನಿಂದು?" ಎಂದು ಪದ್ಮನಾಭ ಮಗಳ ಕಿವಿಯ ಬಳಿ ಬಗ್ಗಿ ಹೇಳಿದ. ಮೇದಿನಿ ಅಡ್ಡಡ್ಡ ತಲೆಯಾಡಿಸಿದಳು. ನಲವತ್ತು ಹುಡುಗ ಹುಡುಗಿಯರು ಪಿಳಿಪಿಳಿ ನೋಡುತ್ತಿದ್ದರು. ಕೋಚಿಂಗ್ ಕ್ಲಾಸಿನ ಪರೀಖ್ ಸರ್ ಹಾಜರಿ ಪುಸ್ತಕ ತೆರೆದಿಟ್ಟು, ಕೆಂಪು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

ಕ್ಷಮೆ ಕೇಳುವುದು ಪದ್ಮನಾಭನಿಗೆ ಹೊಸದಲ್ಲ. ಉಡುಪಿಯಿಂದ ವಡೋದರಾಕ್ಕೆ ಬಂದು ಹೋಟೆಲು ಹಾಕಿದ ಹದಿನೆಂಟು ವರ್ಷದಲ್ಲಿ ಸಾಂಬಾರು ಖಾರ ಎಂದವರಿಗೆ, ಖಾರವೇ ಇಲ್ಲ ಎಂದವರಿಗೆ, ತಟ್ಟೆ ತಾವೇ ಬೀಳಿಸಿಕೊಂಡವರಿಗೂ ಅವನು ಕೈ ಮುಗಿದಿದ್ದಾನೆ. ಮಗಳ ತಲೆಗೆ ಈ ವಿದ್ಯೆ ಒಂದು ಚೂರೂ ಹತ್ತಿರಲಿಲ್ಲ.

ಆದದ್ದಿಷ್ಟು. ಭಾನುವಾರದ ಟೆಸ್ಟಿನಲ್ಲಿ ಒಂದು ಪ್ರಶ್ನೆ: ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೀರು ಬೆರೆಸಿ ಬೆರೆಸಿ, ಹತ್ತರ ಘಾತ ಮೈನಸ್ ಎಂಟು ಮೋಲಾರ್‌ನಷ್ಟು ತೆಳ್ಳಗೆ ಮಾಡಿದರೆ ಅದರ ಪಿಎಚ್ ಎಷ್ಟು? ಸರ್ ಉತ್ತರ ಎಂಟು. ಮೇದಿನಿ ಬರೆದದ್ದು 6.98. ಸೊನ್ನೆ ಬಿತ್ತು. ಅವಳು ಎದ್ದು ನಿಂತು, ನೀರಿನಲ್ಲೇ ಇರುವ ಹೈಡ್ರೋಜನ್ ಅಯಾನುಗಳನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ ಎಂದಳು. "ಇಡ್ಲಿ ಬೇಯಿಸುವವರ ಮಗಳು ನನಗೆ ಕೆಮಿಸ್ಟ್ರಿ ಕಲಿಸುತ್ತಾಳೆ" ಎಂದು ಸರ್ ಕ್ಲಾಸನ್ನು ನಗಿಸಿದರು. ಕೂರು ಎಂದರೆ ಅವಳು ಕೂರಲಿಲ್ಲ. ಈಗ ಅಪ್ಪನನ್ನು ಕರೆತಂದು ಎಲ್ಲರೆದುರು ಕ್ಷಮೆ ಕೇಳಬೇಕು, ಇಲ್ಲವೇ ಹೆಸರು ಹೊಡೆದುಹಾಕುತ್ತಾರೆ. ತೊಂಬತ್ತಾರರ ಏಪ್ರಿಲ್ ಶುರುವಾಗಿತ್ತು. ಮೆಡಿಕಲ್ ಪ್ರವೇಶ ಪರೀಕ್ಷೆಗೆ ಐದೇ ವಾರ. ಈಗ ಬೇರೆ ಯಾವ ಕ್ಲಾಸಿನವರೂ ಸೇರಿಸಿಕೊಳ್ಳುವುದಿಲ್ಲ.

"ಎಂತ ಮಗಾ, ಈ ಎಂಟು ಅಂದ್ರೆ?" ಪದ್ಮನಾಭ ಕೇಳಿದ.

"ಏಳು ಅಂದ್ರೆ ಬರೀ ನೀರು, ಅಪ್ಪ. ಕೆಳಗೆ ಹೋದ್ರೆ ಹುಳಿ. ಮೇಲೆ ಹೋದ್ರೆ ಸೋಡಾ ಪುಡಿ ಥರ, ಕ್ಷಾರ. ಆಸಿಡ್‌ಗೆ ನೀರು ಹಾಕ್ತಾ ಹೋದ್ರೆ ಕೊನೆಗೆ ಕ್ಷಾರ ಆಗ್ತದೆ ಅಂತಾರೆ ಸರ್."

ಪದ್ಮನಾಭ ಅಷ್ಟು ಹೊತ್ತು ಸರ್ ಎದುರು ಜೋಡಿಸಿದ್ದ ಕೈ ಬಿಟ್ಟ.

"ಸರ್," ಎಂದ ಹರಕು ಹಿಂದಿಯಲ್ಲಿ, "ಹುಣಸೆ ರಸಕ್ಕೆ ಹಂಡೆಗಟ್ಟಲೆ ನೀರು ಹೊಯ್ದರೂ..." ಸಪ್ಪೆ ಎಂಬುದಕ್ಕೆ ಹಿಂದಿ ಮಾತು ಸಿಗದೆ ತಡವರಿಸಿದ. ಗಿರಾಕಿಗಳು ದಿನಾ ಅವನ ಮುಖಕ್ಕೆ ಎಸೆಯುವ ಗುಜರಾತಿ ಮಾತೇ ನೆನಪಾಯಿತು. "ಮೋಳು! ಮೋಳು ಆಗ್ತದೆ, ಅಷ್ಟೇ. ಸೋಡಾ ಆಗ್ತದಾ? ಹದಿನೆಂಟು ವರ್ಷದಲ್ಲಿ ನಾನೊಂದು ದಿನ ನೋಡಿಲ್ಲ."

ಕ್ಲಾಸು ಗೊಳ್ಳೆಂದಿತು. ಈ ಸಲ ನಗು ಮೇದಿನಿಯ ಕಡೆಗಿರಲಿಲ್ಲ.

"ಇದು ನಿಮ್ಮ ಅಡುಗೆಮನೆಯಲ್ಲ," ಸರ್ ಕಿವಿ ಕೆಂಪಾಗಿತ್ತು. "ಕ್ಷಮೆ ಕೇಳಿಸುತ್ತೀರೋ ಇಲ್ಲವೋ?"

"ಇಲ್ಲ" ಎಂದ ಪದ್ಮನಾಭ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೇ ಗಾಬರಿಯಾಯಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. "ತಪ್ಪು ಮಾಡಿದ್ರೆ ಕೇಳಿಸ್ತಿದ್ದೆ."

ಕೆಂಪು ಪೆನ್ನು ಹೆಸರಿನ ಮೇಲೆ ಗೀಟೆಳೆಯಿತು. ಮೇದಿನಿ ಇನ್ನು ಐದು ವಾರ ಒಬ್ಬಳೇ ಓದಬೇಕು. ಅವಳು ಚೀಲ ಹೆಗಲಿಗೇರಿಸಿದಳು, ಬಾಗಿಲಿಗೆ ಹೋಗುವ ಬದಲು ಬೋರ್ಡಿನ ಬಳಿ ಹೋದಳು. ಅಲ್ಲಿ ಸರ್ ಬರೆದಿದ್ದ ಎಂಟನ್ನು ದುಪಟ್ಟಾದ ತುದಿಯಿಂದ ಒರೆಸಿ ದಪ್ಪಗೆ 6.98 ಎಂದು ಬರೆದಳು. ಸರ್ ಏನೋ ಕೂಗುತ್ತಿದ್ದರು. ಪದ್ಮನಾಭ ಬಾಗಿಲು ಹಿಡಿದು ನಿಂತಿದ್ದ.

ಹೊರಬೀಳುವಾಗ ಅವಳು ಒಮ್ಮೆ ತಿರುಗಿ ನೋಡಿದಳು. ಮೊದಲ ಬೆಂಚಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ, ತನ್ನ ನೋಟ್‌ಬುಕ್ಕಿನಲ್ಲಿದ್ದ ಎಂಟನ್ನು ಹೊಡೆದುಹಾಕುತ್ತಿದ್ದಳು.