ಹಳೇ ಮದ್ದಿನವರು

ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಕಾಯುತ್ತಿತ್ತು. ಊರಿನ ಷೇರು ಕೊಳ್ಳುವವರ ಗುಂಪಿನ ಯಜಮಾನರಾದ ನಿವೃತ್ತ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

“ಹೊಸ ಮದ್ದಿನ ಪರೀಕ್ಷೆ ಫಲಿತಾಂಶ ಇನ್ನೂ ಯಾಕೆ ಬಂದಿಲ್ಲ ಹೇಳು? ಇಂತಿಷ್ಟು ರೋಗಿಗಳು ಸತ್ತ ಮೇಲೇ ಕಂಪನಿ ಲೆಕ್ಕ ತೆಗೆಯೋದು. ತಡ ಆಗ್ತಿದೆ ಅಂದ್ರೆ ಯಾರೂ ಸಾಯ್ತಿಲ್ಲ. ಮದ್ದು ಕೆಲಸ ಮಾಡ್ತಿದೆ!”

ಕ್ಯಾನ್ಸರ್ ಮದ್ದಿನ ಆ ಸಣ್ಣ ಕಂಪನಿಯಲ್ಲಿ ಟೈಲರ್ ತನ್ನ ಉಳಿತಾಯವನ್ನೆಲ್ಲ ಸುರಿದಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಅವನಿಗೆ ಅವನೇ ಸಾಟಿ.

ಗುಂಡಿ ಹಾಕುತ್ತಿದ್ದ ಅವನ ಅಕ್ಕ ತಲೆ ಎತ್ತಿದಳು. ಅದೇ ಕಾಯಿಲೆಗೆ ಚಿಕಿತ್ಸೆ ಮುಗಿಸಿದವಳು. ತಲೆಗೂದಲು ಈಗಷ್ಟೇ ಚಿಗುರಿತ್ತು.

“ಹೋಲಿಸಿ ನೋಡೋಕೆ ಅರ್ಧ ಜನಕ್ಕೆ ಹಳೇ ಮದ್ದು ಕೊಟ್ಟಿರ್ತಾರಲ್ಲ ಮೇಷ್ಟ್ರೇ, ಅವರೂ ಸಾಯದೆ ಇದ್ರೆ?”

“ಬಿಡ್ತು ಅನ್ನು! ಭಾನುವಾರ ಸಭೆಗೆ ಬಾರಮ್ಮ. ಕಾಯಿಲೆ ಗೆದ್ದವಳು ಎರಡು ಮಾತಾಡಿದ್ರೆ ಷೇರು ಕೊಳ್ಳೋ ಹೊಸಬರಿಗೆ ಧೈರ್ಯ ಬರುತ್ತೆ.”

ಶುಕ್ರವಾರ ಫಲಿತಾಂಶ ಬಂತು. ಹೊಸ ಮದ್ದು ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ಹದಿನಾಲ್ಕು ತಿಂಗಳು ದಾಟಿ ಬದುಕಿದ್ದರು, ಹಳೇ ಮದ್ದಿನವರಲ್ಲಿ ಹದಿಮೂರೂವರೆ. ಆ ಅಂತರ ಆಕಸ್ಮಿಕವಿರಬಹುದೆಂದು ಕಂಪನಿಯೇ ಒಪ್ಪಿಕೊಂಡಿತ್ತು. ಷೇರು ಪಾತಾಳಕ್ಕಿಳಿಯಿತು.

ಮೇಷ್ಟ್ರು ಫೋನಿನಲ್ಲಿ ಜಗ್ಗಲಿಲ್ಲ. “ಐವತ್ತು ವರ್ಷದ ಒಳಗಿನವರಿಗೆ ಭರ್ಜರಿ ಗುಣ ಕಂಡಿದೆ ಕಣಯ್ಯ!”

“ಅಂಥವರು ಎಷ್ಟು ಜನ ಇದ್ರು?”

“ಹನ್ನೆರಡು. ಅದು ಬಿಡು. ಹೊಸಬರು ಕೊಂಡ್ರೆ ಬೆಲೆ ಏರುತ್ತೆ, ನಿನ್ನ ದುಡ್ಡೂ ವಾಪಸ್ ಬರುತ್ತೆ. ಅಕ್ಕನ್ನ ಕರ್ಕೊಂಡು ಬಾ.”

ಟೈಲರ್ ನಾಚಿಕೆ ಬಿಟ್ಟು ಅಕ್ಕನನ್ನು ಕೇಳಿದ. ಅವಳು ಅವನ ಮುಖವನ್ನೇ ನೋಡಿ, “ಆಯ್ತು, ಮಾತಾಡ್ತೀನಿ” ಎಂದಳು.

ಸಭಾಂಗಣ ತುಂಬಿತ್ತು. ಅಕ್ಕ ತಲೆಯ ಮೇಲಿನ ಬಟ್ಟೆ ತೆಗೆದು ನಿಂತಳು.

“ನಾನು ಉಳಿದಿದ್ದು ಹಳೇ ಮದ್ದಿಂದ. ಈ ಪರೀಕ್ಷೇಲೂ ಹಳೇ ಮದ್ದಿನವರು ಹೆಚ್ಚುಕಮ್ಮಿ ಹೊಸ ಮದ್ದಿನವರಷ್ಟೇ ಬದುಕಿದ್ದಾರೆ. ಅದಕ್ಕೇ ಲೆಕ್ಕ ತಡವಾಗಿದ್ದು. ನಮ್ಮಂಥವರು ಬೇಗ ಸಾಯ್ತೀವಿ ಅಂತ ನೀವು ಲೆಕ್ಕ ಹಾಕಿದ್ರಿ. ನಾವು ಸಾಯಲಿಲ್ಲ. ಏನ್ ಮಾಡೋಣ ಹೇಳಿ?”

“ಏಯ್ ಟೈಲರ್, ನಿಮ್ಮಕ್ಕನ್ನ ಕೂರಿಸಯ್ಯ!” ಮೇಷ್ಟ್ರು ಅಬ್ಬರಿಸಿದರು.

ಟೈಲರ್ ಎದ್ದ. ಅಕ್ಕನನ್ನು ಈ ಸಂತೆಗೆ ತಂದು ನಿಲ್ಲಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಷೇರು ಕೊಳ್ಳಲು ಮೊಬೈಲ್ ತೆರೆದುಕೊಂಡೇ ಕೂತಿದ್ದಳು.

“ನೀವೂ ಹಾಕಿದ್ದೀರಂತಲ್ಲಣ್ಣ, ನಾನು ಹಾಕಲಾ?”

ಹೂಂ ಎಂದರೆ ಅವನ ದುಡ್ಡು ಸ್ವಲ್ಪವಾದರೂ ಬರುತ್ತಿತ್ತು. ಅವನು ಮೇಷ್ಟ್ರನ್ನೇ ದುರುಗುಟ್ಟಿ ನೋಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

“ಬೇಡಮ್ಮ. ನನ್ನ ದುಡ್ಡು ಮುಳುಗಿದೆ. ನಿಮ್ಮ ದುಡ್ಡನ್ನ ದೋಣಿ ಮಾಡ್ಕೊಂಡು ನಾನು ದಡ ಸೇರಲ್ಲ.”