ಜಡೆಪ್ಪನ ಎಣ್ಣೆ ಡಬ್ಬಿ

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಮೋಟಾರು, ಬಾಯ್ಲರು ಬಿಚ್ಚಿ ಕಟ್ಟಿದ ಜಡೆಪ್ಪನಿಗೆ ಒಂದು ಮಾತು ಖಾತ್ರಿ: ಎಣ್ಣೆ ಕಾಣದ ಯಂತ್ರ ಮುನಿಸಿಕೊಳ್ಳುತ್ತದೆ. ಹಾಗಾಗಿ ಅವನ ಜೇಬಿನಲ್ಲಿ ಸದಾ ಒಂದು ಪುಟ್ಟ ಎಣ್ಣೆ ಡಬ್ಬಿ. ಪ್ಯಾಂಟು ಒಗೆಯುವಾಗಲೆಲ್ಲ ಹೆಂಡತಿ ಭೀಮವ್ವ ಬೈಯುವುದು ಅದನ್ನೇ.

ಗಿರಣಿ ಮುಚ್ಚಿದ ಮೇಲೆ ಸಾಹುಕಾರರ ಮೊಮ್ಮಗಳು ಶಾಂಭವಿ ಅದೇ ಶೆಡ್ಡಿನಲ್ಲಿ ರಾಕೆಟ್ ಕಂಪನಿ ತೆರೆದಳು. ಭಾರಿ ರಾಕೆಟ್ಟಲ್ಲ, ಊಟದ ಡಬ್ಬಿಯಷ್ಟು ಉಪಗ್ರಹವನ್ನು ಮೇಲಕ್ಕೆ ಒಯ್ಯುವಂಥದ್ದು. ಎಂಜಿನ್ ಬಿಗಿದು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡ್ ಮಾಡಲು ಜಡೆಪ್ಪನನ್ನು ಕರೆಸಿದಳು.

"ಮಾಮ, ಇದು ಆಕಾಶಕ್ಕ ಹೋಗೋ ಎಂಜಿನ್ನು."

"ಹೋಗ್ಲಿ ಬಿಡವ್ವ. ನಟ್ಟು ಬೋಲ್ಟು ಎಲ್ಲಿದ್ರೂ ನಟ್ಟು ಬೋಲ್ಟೇ."

ಸಂಡೂರು ದಾರಿಯ ಹಳೆಯ ಕಲ್ಲು ಕ್ವಾರಿಯಲ್ಲಿ ಅಂದು ಪರೀಕ್ಷೆ. ಎಂಜಿನ್ ಸ್ಟ್ಯಾಂಡಿನಲ್ಲಿ ನಿಂತೇ ಇಪ್ಪತ್ತು ಸೆಕೆಂಡ್ ಉರಿಯಬೇಕು. ಉರಿದರೆ, ಕಬ್ಬಿನ ಹೊಲಗಳನ್ನು ಮೇಲಿನಿಂದ ನೋಡುವ ಉಪಗ್ರಹ ಮಾಡಿದ್ದ ಮಾಲತೇಶ್ ಅದನ್ನು ಶಾಂಭವಿಗೆ ಒಪ್ಪಿಸುತ್ತಾರೆ. ಇಲ್ಲವಾದರೆ ಬೇರೆ ಕಂಪನಿ ಕಾದಿದೆ.

ಬೆಳಿಗ್ಗೆ ಒಂದು ವಾಲ್ವಿನ ಜೋಡಣೆ ಸುಂಯ್ ಎನ್ನುತ್ತಿತ್ತು. ಕಂಪ್ಯೂಟರ್ ಮುಂದಿದ್ದ ಎಂಜಿನಿಯರ್ ಗಿರೀಶ್ ತಲೆ ಕೆರೆದುಕೊಂಡ. ಜಡೆಪ್ಪ ಹೋಗಿ ಬಿಚ್ಚಿದ, ಬಿಗಿದ. ಐದು ನಿಮಿಷಕ್ಕೆ ಸದ್ದು ಅಡಗಿತು. ಶಾಂಭವಿ ಎಲ್ಲರೆದುರೇ ಮಾಲತೇಶರಿಗೆ ಅಂದಳು, "ನೋಡ್ರಿ ಸರ್, ನಮ್ಮ ಮಾಮನ ಕೈ ಅಂದ್ರ ಹಿಂಗ!"

ಜಡೆಪ್ಪನ ಎದೆ ಉಬ್ಬಿತು. ಗಿರಣಿ ಮುಚ್ಚಿದ ಮೇಲೆ ಅವನನ್ನು ಹಾಗೆ ಯಾರೂ ಹೊಗಳಿರಲಿಲ್ಲ.

ಎಲ್ಲರೂ ಮರಳಿನ ಚೀಲಗಳ ಹಿಂದೆ ಕುಳಿತರು. ಟ್ಯಾಂಕಿನ ತುಂಬ ದ್ರವ ಆಮ್ಲಜನಕ. ವಾಲ್ವ್ ತೆರೆಯಲು ಎಂಟು ನಿಮಿಷ ಬಾಕಿ.

"ಇದರಾಗ ಯಾವುದಕ್ಕ ಭಾಳ ಹೆದರ್ತೀರಿ?" ಮಾಲತೇಶ್ ಕೇಳಿದರು.

"ಎಣ್ಣಿಗ್ರೀ. ಆ ಪೈಪಿನಾಗ ಒಂದು ಹನಿ ಎಣ್ಣಿ ಇದ್ರೂ ಸಾಕು, ಆಮ್ಲಜನಕ ತಾಕಿದ್ರ ಢಂ ಅಂತ ಸಿಡೀತೈತಿ," ಶಾಂಭವಿ ಅಂದಳು.

ಜಡೆಪ್ಪನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಡಬ್ಬಿ ಮೊದಲಿಗಿಂತ ಹಗುರವಾಗಿತ್ತು. ಏಳು ನಿಮಿಷ. ಹೇಳಿದರೆ ಬೆಳಿಗ್ಗೆಯ ಹೊಗಳಿಕೆ ಹೋಯಿತು, ಬಹುಶಃ ಕೆಲಸವೂ. ಆರು ನಿಮಿಷ. ಮಾಲತೇಶರ ಮುಖ ನೋಡಿದ, ಶಾಂಭವಿಯ ಮುಖ ನೋಡಿದ. ಚಡ್ಡಿ ಹಾಕಿಕೊಂಡು ಗಿರಣಿಯ ಹೊಟ್ಟಿನ ಗುಡ್ಡೆ ಮೇಲೆ ಜಾರುತ್ತಿದ್ದ ಹುಡುಗಿ ಇವಳು.

"ನಿಲ್ಸ್ರಿ! ಆ ವಾಲ್ವಿಗೆ ನಾ ಎಣ್ಣಿ ಹಚ್ಚೀನಿ!"

ಗಿರೀಶ್ ಕುರ್ಚಿಯಿಂದ ಹಾರಿ ಎದ್ದ. "ಏನ್ ಮಾಮ, ರಾಕೆಟ್ಟಿಗೆ ಒಗ್ಗರಣಿ ಹಾಕ್ತಿದ್ರೇನು?"

"ಒಣ ನಟ್ಟು ಕಿರುಗುಡ್ತಿತ್ತಪ್ಪ. ಕೈ ಸುಮ್ನ ಇರಲಿಲ್ಲ."

ಶಾಂಭವಿ ಕೈ ಎತ್ತಿ ಎಣಿಕೆ ನಿಲ್ಲಿಸಿದಳು. ಆಮೇಲೆ ಅಂದಳು, "ಬರಿಗೈಲೆ ಮುಟ್ಟಬ್ಯಾಡ್ರಿ ಅಂತ ಹೇಳೀನಿ. ಎಣ್ಣಿ ವಿಷಯ ಹೇಳೇ ಇಲ್ಲ. ನಡೀರಿ, ಬಿಚ್ಚೋಣ."

ವಾಲ್ವನ್ನೂ ಅದರ ಹಿಂದುಮುಂದಿನ ಪೈಪುಗಳನ್ನೂ ಬಿಚ್ಚಿ, ತೊಳೆದು, ಒಣಗಿಸಿ, ದೀಪ ಹಿಡಿದು ನೋಡುವಷ್ಟರಲ್ಲಿ ಎರಡೂವರೆ ಗಂಟೆ ಹೋಯಿತು. ಅಷ್ಟರಲ್ಲಿ ಟ್ಯಾಂಕಿನ ಆಮ್ಲಜನಕ ಅರ್ಧಕ್ಕರ್ಧ ಆವಿಯಾಗಿ ಹಾರಿಹೋಗಿತ್ತು. ಎಂಜಿನ್ ಭರ್ಜರಿಯಾಗಿಯೇ ಉರಿಯಿತು, ಆದರೆ ಹನ್ನೊಂದು ಸೆಕೆಂಡ್.

ಮಾಲತೇಶ್ ಪ್ಯಾಂಟಿನ ಧೂಳು ಕೊಡವಿದರು. "ಬೇರೆಯವರಿಗೆ ಒಂದು ತಿಂಗಳು ತಡೀರಿ ಅಂತೀನಿ. ಅಷ್ಟರಾಗ ಇಪ್ಪತ್ತು ತೋರಿಸ್ರಿ." ಹೊರಡುವಾಗ ಜಡೆಪ್ಪನ ಕಡೆ ತಿರುಗಿದರು. "ಆ ಡಬ್ಬಿ ಮಾತ್ರ ತರಬ್ಯಾಡ್ರಿ ಮತ್ತ."

ತಿಂಗಳ ನಂತರ ಅದೇ ಕ್ವಾರಿ, ಅದೇ ಚೀಲಗಳು. ಗಿರೀಶ್ ಪಟ್ಟಿ ಓದಿದ.

"ವಾಲ್ವ್?"

"ಓಕೆ."

"ಕ್ಯಾಮೆರಾ?"

"ಓಕೆ."

ಪಟ್ಟಿಯ ಕೊನೆಯ ಸಾಲನ್ನು ಶಾಂಭವಿ ತನ್ನ ಕೈಯಾರೆ ಸೇರಿಸಿದ್ದಳು. ಗಿರೀಶ್ ನಗು ತಡೆದುಕೊಂಡು ಓದಿದ, "ಎಣ್ಣಿ ಡಬ್ಬಿ?"

"ಕಂಪ್ಲಿಯಾಗ ಭೀಮವ್ವನ ಹತ್ರ ಐತ್ರಿ!" ಜಡೆಪ್ಪ ಎರಡೂ ಜೇಬು ಹೊರಗೆಳೆದು ತೋರಿಸಿದ.

ಕ್ವಾರಿ ನಡುಗಿತು. ಜಡೆಪ್ಪ ಕಿವಿ ಮುಚ್ಚಿಕೊಂಡು ಜೋರಾಗಿ ಎಣಿಸಿದ. ಹತ್ತು, ಹನ್ನೊಂದು... ಅಲ್ಲಿಂದ ಮುಂದೆ ಶಾಂಭವಿಯೂ ದನಿಗೂಡಿಸಿದಳು. ಇಪ್ಪತ್ತು ಮುಗಿಸಿ ಇಪ್ಪತ್ತೊಂದು ಅನ್ನಲು ಅವನು ಬಾಯಿ ತೆರೆದಾಗ ಎಂಜಿನ್ ತನ್ನ ಇಪ್ಪತ್ತು ಪೂರೈಸಿ ಆಗಲೇ ನಿಂತಿತ್ತು.