ಡಿಕ್ಕಿಗೊಂದು ಸಾಕೆಟ್

ತಮ್ಮನನ್ನು ನೋಡಬೇಕು ಎಂದು ಮಾವ ಬಾಯಿಬಿಟ್ಟು ಹೇಳಿದ್ದು ಒಂದು ಬೆಳಿಗ್ಗೆ, ಸೊಸೆ ಅವರ ಗಡ್ಡ ಬೋಳಿಸುತ್ತಿದ್ದಾಗ. ಒಂದು ಕೆನ್ನೆಯ ನೊರೆ ಹಾಗೇ ಇತ್ತು. ಅವಳ ಕೈ ನಿಂತಿತು. ಆ ಮನೆಯಲ್ಲಿ ಆ ತಮ್ಮನ ಸುದ್ದಿ ಎತ್ತುವ ಹಾಗೇ ಇರಲಿಲ್ಲ.

"ಅವನೂ ಹಾಸಿಗೆ ಹಿಡಿದಿದಾನಂತೆ," ಎಂದರು ಮಾವ. ಮೂಗಿನ ಆಕ್ಸಿಜನ್ ನಳಿಕೆ ಸರಿಮಾಡಿಕೊಂಡು, ಉಸಿರೆಳೆದುಕೊಂಡು, "ನಾವಿಬ್ರೂ ಇನ್ನೆಷ್ಟು ದಿನ ಹೇಳು," ಎಂದರು.

ವರ್ಷಗಳ ಹಿಂದೆ ಅವಳ ಗಂಡ ಅಪ್ಪನ ಜೊತೆ ಜಗಳ ಕಾದು, ಸಿಟ್ಟಿನಲ್ಲಿ ಬೈಕ್ ಹತ್ತಿ ಹೋದವನು ಅಪಘಾತಕ್ಕೆ ಸಿಕ್ಕಿ ಮತ್ತೆ ಹೊಸಿಲು ತುಳಿಯಲಿಲ್ಲ. ಅವನ ಹೆಣದ ಮುಂದೆ ನಿಂತು ಚಿಕ್ಕಮಾವ, ನೆರೆದವರೆಲ್ಲ ಕೇಳುವಂತೆ, "ಅಣ್ಣ, ನೀನು ಬೈದು ಅಟ್ಟದೇ ಇದ್ದಿದ್ರೆ ಹುಡುಗ ಉಳೀತಿದ್ದ," ಎಂದುಬಿಟ್ಟರು. ಅಲ್ಲಿಗೆ ಅಣ್ಣತಮ್ಮಂದಿರ ಮಾತುಕತೆ ಮುಗಿಯಿತು. ಅವಳಿಗೂ ಒಳಗೊಳಗೇ ಹಾಗೇ ಅನಿಸಿತ್ತು. ಚಿಕ್ಕಮಾವ ಆಡಿದರು, ಅವಳು ನುಂಗಿಕೊಂಡಳು, ಅಷ್ಟೇ ವ್ಯತ್ಯಾಸ. ನುಂಗಿಕೊಂಡೇ ಇಷ್ಟು ವರ್ಷ ಮಾವನ ಬಟ್ಟೆ ಒಗೆದಿದ್ದಳು, ಮಾತ್ರೆ ಕೊಟ್ಟಿದ್ದಳು.

ಚಿಕ್ಕಮಾವನ ಊರು ಕಾರಿನಲ್ಲಿ ಅರ್ಧ ದಿನದ ದಾರಿ. ಮಾವನಿಗೆ ಆಕ್ಸಿಜನ್ ಕೊಡುವ ಯಂತ್ರ ಸಣ್ಣ ಸೂಟ್‌ಕೇಸಿನಷ್ಟಿತ್ತು. ಅದರೊಳಗಿನ ಬ್ಯಾಟರಿ ಹಳತಾಗಿ, ಅರ್ಧ ಗಂಟೆಗೆಲ್ಲ ಕೈಕೊಡುತ್ತಿತ್ತು. ಕಾರಿನ ಮುಂಭಾಗದಲ್ಲಿ ಫೋನ್ ಚಾರ್ಜ್ ಮಾಡುವ ಸಾಕೆಟ್‌ಗೆ ಸಿಕ್ಕಿಸಿ ನೋಡಿದಳು. ಟಪ್ ಎಂದು ಫ್ಯೂಸ್ ಹೋಯಿತು.

ಬೀದಿಯ ತುದಿಯ ಗ್ಯಾರೇಜಿನಲ್ಲಿ ಕಾರುಗಳ ವೈರಿಂಗ್ ಮಾಡುವವನನ್ನು ಎಲ್ಲರೂ ಕಿಡಿಯಣ್ಣ ಎನ್ನುತ್ತಿದ್ದರು. ಅವನು ಡಿಕ್ಕಿ ಎತ್ತಿ ಬಗ್ಗಿ ನೋಡಿದ.

"ಬ್ಯಾಟರಿಯಿಂದ ಇಲ್ಲಿಗೇ ಬೇರೆ ಲೈನ್ ಎಳೆದುಬಿಡೋಣ ಅಕ್ಕ. ಏನಿಡ್ತೀರ? ಫ್ರಿಡ್ಜಾ? ಭರ್ಜರಿ ಟ್ರಿಪ್ಪಾ?"

"ನಮ್ಮ ಮಾವನ ಉಸಿರು ಇಡ್ಬೇಕು," ಎಂದಳು.

ಅವನ ನಗು ಅಲ್ಲೇ ಇಂಗಿತು. ಬ್ಯಾಟರಿಯ ಪಕ್ಕದಲ್ಲೇ ಹೊಸ ಫ್ಯೂಸ್ ಕೂರಿಸಿದ. ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು, ಹೆಬ್ಬೆರಳಿನಿಂದ ಒತ್ತೊತ್ತಿ ದಪ್ಪನೆಯ ಕೆಂಪು ವೈರನ್ನು ಅದರಡಿ ತೂರಿಸಿದ. ಹಿಂದಿನ ಸೀಟು ಎತ್ತಿದಾಗ ಒಂದು ಬಾಚಣಿಗೆ ಸಿಕ್ಕಿತು. ಒರೆಸಿ ಅವಳ ಕೈಗಿಟ್ಟ. ಗಂಡನದು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು. ಡಿಕ್ಕಿಯ ಪಕ್ಕದ ಹಲಗೆಗೆ ದುಂಡಗೆ ತೂತು ಕೊರೆದು ಅವನು ಸಾಕೆಟ್ ಕೂರಿಸಿದ. ಯಂತ್ರ ಸಿಕ್ಕಿಸಿದಾಗ ಹಸಿರು ದೀಪ ಹತ್ತಿತು.

"ಇಂಜಿನ್ ಓಡ್ತಿರುವಾಗ ಮಾತ್ರ ಇದಕ್ಕೆ ಕರೆಂಟ್ ಬರೋ ಹಾಗೆ ಮಾಡಿದೀನಿ ಅಕ್ಕ. ಇಲ್ಲಾಂದ್ರೆ ನಿಮ್ಮ ಕಾರಿನ ಈ ಮುದಿ ಬ್ಯಾಟರಿ ದಾರಿ ಮಧ್ಯೆ ಮಲ್ಕೊಂಡುಬಿಡುತ್ತೆ. ನಿಲ್ಸಿದ್ರೂ ಆಫ್ ಮಾಡ್ಬೇಡಿ."

ಮರುದಿನ ಹೊರಟರು. ದಾರಿಯುದ್ದಕ್ಕೂ ಹಿಂದಿನಿಂದ ಯಂತ್ರದ ಬುಸ್‌ಬುಸ್ ಕೇಳುತ್ತಿತ್ತು. ಮಾವ ನೀಲಿ ಶರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ತಮ್ಮನ ಮುಂದೆ ಏನು ಹೇಳಬೇಕೆಂದು ತುಟಿಯಲ್ಲೇ ಆಡಿಕೊಳ್ಳುತ್ತಿದ್ದುದು ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿತ್ತು.

ಚಿಕ್ಕಮಾವನ ಮನೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಕೆಳಗಿನ ಮನೆಯ ಇಬ್ಬರು ಗಂಡಸರು ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಅವಳು ಯಂತ್ರ ಹಿಡಿದು ಹಿಂದೆ ನಡೆದಳು. ಮೊದಲ ತಿರುವು ಬರುವಷ್ಟರಲ್ಲಿ ಕುರ್ಚಿ ವಾಲಿತು. ಮಾವ ಗಾಬರಿಬಿದ್ದು ಏದುಸಿರು ಬಿಡತೊಡಗಿದರು. ತುಟಿ ನೀಲಿಗಟ್ಟಿತು.

"ಬೇಡ... ಇಳಿಸ್ರಪ್ಪ... ಕಾರಿಗೆ..."

ಅವರನ್ನು ಮತ್ತೆ ಹಿಂದಿನ ಸೀಟಿನಲ್ಲಿ ಕೂರಿಸಿ, ಡಿಕ್ಕಿಯ ಸಾಕೆಟ್‌ಗೆ ಯಂತ್ರ ಸಿಕ್ಕಿಸಿ ಇಂಜಿನ್ ಚಾಲೂ ಮಾಡಿದಳು. ಉಸಿರು ಹದಕ್ಕೆ ಬರಲು ತುಂಬ ಹೊತ್ತು ಹಿಡಿಯಿತು. ಅಷ್ಟರಲ್ಲಿ ಚಿಕ್ಕತ್ತೆ ಮಂಚವನ್ನು ಕಿಟಕಿಗೆ ಎಳೆದು, ಗಂಡನಿಗೆ ದಿಂಬು ಒರಗಿಸಿ ಕೂರಿಸಿ, ಫೋನ್ ಮಾಡಿದ್ದರು. ಮಾವ ತೆರೆದ ಬಾಗಿಲಿನಿಂದ ತಲೆ ಹೊರಚಾಚಿ ಮೇಲೆ ನೋಡಿದರು. ಕಂಬಿಗಳ ಹಿಂದೆ ಒಂದು ಸೊರಗಿದ ಮುಖ.

"ಅಣ್ಣ, ಕಾಣ್ತಿದೀಯ," ಎಂದಿತು ಫೋನಿನ ದನಿ. "ನೀಲಿ ಶರ್ಟು ಹಾಕಿದೀಯ."

"ಹೂಂ ಕಣೋ. ನೀನೇನೋ ಬರೀ ಮೂಳೆಚಕ್ಕಳ ಆಗಿದೀಯಲ್ಲೋ."

"ನೀನು ದೊಡ್ಡ ಪೈಲ್ವಾನ ಬಿಡು."

ಇಬ್ಬರೂ ನಕ್ಕರು, ಇಬ್ಬರಿಗೂ ಕೆಮ್ಮು ಬಂತು. ಎರಡನೇ ಮಹಡಿಯಿಂದ ಯಾರೋ, "ಇಂಜಿನ್ ಆಫ್ ಮಾಡ್ರೀ, ಹೊಗೆಯೆಲ್ಲ ಮನೆಯೊಳಗೆ ಬರ್ತಿದೆ!" ಎಂದು ಕೂಗಿದರು. ಅವಳು ಕೈಮುಗಿದಳೇ ಹೊರತು ಆಫ್ ಮಾಡಲಿಲ್ಲ.

"ಆವತ್ತು..." ಎಂದು ಮಾವ ಶುರುಮಾಡಿದರು.

"ಊಟ ಮಾಡ್ಕೊಂಡು ಹೊರಟ್ಯಾ ಅಣ್ಣ?" ಎಂದರು ಚಿಕ್ಕಮಾವ.

"ಹೂಂ. ಆಯ್ತು."

ಹಿಂದಿರುಗುವಾಗ ಮಾವ ಒಂದೇ ಮಾತು ಆಡಿದ್ದು: "ನೋಡಿದೆ. ಸಾಕು."

ಆ ತಿಂಗಳು ಕಳೆಯುವುದರೊಳಗೆ ಚಿಕ್ಕಮಾವ ತೀರಿಕೊಂಡರು. "ನೀನು ಹೋಗ್ಬಾ," ಎಂದರು ಮಾವ. ಪಕ್ಕದ ಮನೆಯಾಕೆಯನ್ನು ಅವರ ಬಳಿ ಕೂರಿಸಿ ಅವಳು ಹೋದಳು. ಈ ಸಲ ಮೂರೂ ಮಹಡಿ ಹತ್ತಿದಳು. ಜನ ಕರಗಿದ ಮೇಲೆ ಚಿಕ್ಕತ್ತೆ ಅವಳ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು.

"ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದುಹಾಕಿ ಎಷ್ಟೋ ಕಾಲ ಆಗಿತ್ತು ಕಣಮ್ಮ. ಆವತ್ತು ನಿಮ್ಮ ಕಾರೂ ಕಾಣ್ಲಿಲ್ಲ, ಅಣ್ಣನೂ ಕಾಣ್ಲಿಲ್ಲ. ಶರ್ಟಿನ ಬಣ್ಣ ನಾನು ಕಿವೀಲಿ ಹೇಳಿದ್ದು. ಅಷ್ಟು ಕಷ್ಟಪಟ್ಟು ಬಂದಿದಾನೆ, ನಾನೂ ಅವನನ್ನ ನೋಡಿದೆ ಅಂದ್ಕೊಂಡು ಹೋಗ್ಲಿ ಅಂದ್ರು."

ಅವಳು ಕೇಳಿದಳು: "ಚಿಕ್ಕತ್ತೆ, ಆ ಹಳೇ ಮಾತು... ಅದರ ಬಗ್ಗೆ ಏನಾದ್ರೂ ಅಂದ್ರಾ?"

"ನಿಂಗೆ ಸುಳ್ಳು ಯಾಕೆ ಹೇಳ್ಲಿ. ಅದನ್ನ ಹಿಂದಕ್ಕೆ ತಗೊಳ್ಲಿಲ್ಲ. ನಾನೂ ಒತ್ತಾಯ ಮಾಡ್ಲಿಲ್ಲ."

ಮನೆಗೆ ಬಂದಾಗ ಮಾವ ಎದ್ದು ಕೂತೇ ಇದ್ದರು.

"ಏನಾದ್ರೂ ಹೇಳಿದ್ನಂತಾ? ನನ್ನ ಬಗ್ಗೆ?"

"ನಿಮ್ಮನ್ನ ನೋಡಿ ಸಮಾಧಾನ ಆಯ್ತು ಅಂದಿದ್ರಂತೆ."

"ಅಷ್ಟೇನಾ?"

"ಅಷ್ಟೇ ಮಾವ."

ಅವರು ನಿಧಾನವಾಗಿ ತಲೆಯಾಡಿಸಿದರು. ಇನ್ನೂ ಏನೋ ಬರಬಹುದೆಂದು ಕಾಯುವವರಂತೆ ಅವಳ ಮುಖವನ್ನೇ ನೋಡುತ್ತಿದ್ದರು. ತಪ್ಪು ನಿಮ್ಮದಲ್ಲ ಮಾವ ಎಂದು ಹೇಳಬಲ್ಲವಳು ಈಗ ಉಳಿದಿರುವುದು ತಾನೊಬ್ಬಳೇ ಎಂಬುದು ಅವಳಿಗೆ ತಿಳಿದಿತ್ತು. ಅದನ್ನು ಹೇಳದೆ ಅವರ ಹೊದಿಕೆ ಎಳೆದು ಸರಿಮಾಡಿದಳು. ಮಾವ ಗೋಡೆಯ ಕಡೆಗೆ ಮಗ್ಗುಲಾದರು. ಮಾತ್ರೆಯ ಹೊತ್ತಾಗಿತ್ತು, ಅವಳು ನೀರು ತರಲು ಎದ್ದುಹೋದಳು.